ಬಾಹ್ಯ ರೂಪವೂ ಆಂತರಿಕ ಬೆಲೆಯೂ: ಮೊಲೊಕಾಯಿಯ ಸಂತ ಡೇಮಿಯನ್



ಪ್ರತಿ ವರ್ಷ ಮೇ 10ರಂದು ಧರ್ಮಸಭೆಯು ಸಂತ ಡೇಮಿಯನ್ ಅವರನ್ನು ಸ್ಮರಿಸುತ್ತದೆ. 1889ರಲ್ಲಿ, ಅವರ ಮರಣಕ್ಕೆ ಕೆಲವು ವಾರಗಳ ಮುಂಚೆ, ಅವರ ಛಾಯಾಚಿತ್ರ ತೆಗೆಯಲಾಯಿತು. ಅದರಲ್ಲಿ ಅವರ ಮುಖ ಊದಿಕೊಂಡು ಗಂಟುಗಂಟಾಗಿದೆ. ಕೈಗೆ ಬಟ್ಟೆ ಸುತ್ತಲಾಗಿದೆ. ಆಗ ಅವರ ವಯಸ್ಸು ಕೇವಲ 49. ನಾವು ಮನೆಯ ಗೋಡೆಗೆ ತೂಗುಹಾಕುವ ಸಂತರ ಚಿತ್ರಗಳಲ್ಲಿ ಸಾಮಾನ್ಯವಾಗಿ ಮುಖ ತಿಳಿಯಾಗಿರುತ್ತದೆ, ಬಟ್ಟೆ ಶುಭ್ರವಾಗಿರುತ್ತದೆ. ಈ ಚಿತ್ರ ಹಾಗಿಲ್ಲ. ಆದರೂ ಇದೇ ಮುಖವನ್ನು ಜಗತ್ತು ಇಂದು ಗೌರವದಿಂದ ನೋಡುತ್ತದೆ.

ಮನುಷ್ಯನ ಬೆಲೆ ಅವನ ಹೊರರೂಪದಲ್ಲಿಲ್ಲ, ಅಂತರಂಗದಲ್ಲಿದೆ ಎಂದು ನಾವು ಪ್ರವಚನಗಳಲ್ಲಿ ಹೇಳುತ್ತೇವೆ, ಕೇಳುತ್ತೇವೆ. ಹೇಳುವುದು ಸುಲಭ. ಅದನ್ನು ನಂಬಿ ಬದುಕಿದರೆ ಏನಾಗುತ್ತದೆ ಎಂಬುದಕ್ಕೆ ಸಂತ ಡೇಮಿಯನ್ ಅವರ ಜೀವನವೇ ಉತ್ತರ. ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವವರಿಗೆ, ಧರ್ಮೋಪದೇಶ ಕಲಿಸುವವರಿಗೆ ಉಪಯೋಗವಾಗಲೆಂದು ಅವರ ಬಗೆಗಿನ ಮುಖ್ಯ ವಿಷಯಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಬಾಲ್ಯ ಮತ್ತು ದೈವಕರೆ

ಡೇಮಿಯನ್ ಅವರ ಹುಟ್ಟುಹೆಸರು ಜೋಸೆಫ್ ಡಿ ವ್ಯೂಸ್ಟರ್. 1840ರ ಜನವರಿ 3ರಂದು ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ ರೈತ ಕುಟುಂಬವೊಂದರಲ್ಲಿ ಜನಿಸಿದರು. ತಂದೆಗೆ ಧಾನ್ಯದ ವ್ಯಾಪಾರವೂ ಇತ್ತು. ಮಗ ವ್ಯಾಪಾರ ನೋಡಿಕೊಳ್ಳಲಿ ಎಂಬುದು ತಂದೆಯ ಆಸೆಯಾಗಿತ್ತು. ಆದರೆ ಅಣ್ಣನ ದಾರಿಯಲ್ಲೇ ನಡೆದ ಜೋಸೆಫ್ 1859ರಲ್ಲಿ ಲೂವೆನ್ ನಗರದಲ್ಲಿ ಯೇಸು ಮತ್ತು ಮರಿಯಮ್ಮನವರ ಪವಿತ್ರ ಹೃದಯಗಳ ಸಭೆಯನ್ನು ಸೇರಿದರು. ಹಿಂದಿನ ಕಾಲದ ವೈದ್ಯ ರಕ್ತಸಾಕ್ಷಿ ಸಂತ ಡೇಮಿಯನ್ ಅವರ ಹೆಸರನ್ನು ಸ್ವೀಕರಿಸಿದರು.

ಇಲ್ಲಿಯೇ ನಮ್ಮ ವಿಷಯ ಆರಂಭವಾಗುತ್ತದೆ. ಈ ಯುವಕನ ವಿದ್ಯಾಭ್ಯಾಸ ಸಾಲದು, ಲತೀನ್ ಬಾರದು, ಗುರುಪಟ್ಟಕ್ಕೆ ತಕ್ಕವನಲ್ಲ ಎಂದು ಮೇಲಧಿಕಾರಿಗಳು ಮೊದಲು ಭಾವಿಸಿದ್ದರು. ಅವರು ಕಂಡದ್ದು ಗಟ್ಟಿಮುಟ್ಟಾದ ಹಳ್ಳಿಯ ಹುಡುಗನನ್ನು. ಅಣ್ಣನಿಂದ ಲತೀನ್ ಕಲಿತು ಆತ ತಮ್ಮ ಯೋಗ್ಯತೆ ತೋರಿಸಿದ ಮೇಲೆ ಅಭಿಪ್ರಾಯ ಬದಲಾಯಿತು. ಮುಂದೆ ಹವಾಯಿ ದ್ವೀಪಗಳಿಗೆ ಹೋಗಬೇಕಾಗಿದ್ದ ಅಣ್ಣ ಕಾಯಿಲೆ ಬಿದ್ದಾಗ, ಆ ಜಾಗಕ್ಕೆ ತಮ್ಮನ್ನು ಕಳಿಸಿ ಎಂದು ಡೇಮಿಯನ್ ಸಭೆಯ ಮುಖ್ಯಸ್ಥರಿಗೆ ಪತ್ರ ಬರೆದರು. 1864ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ಹೊನೊಲುಲು ತಲುಪಿದರು. ಅದೇ ವರ್ಷ ಮೇ 21ರಂದು ಅಲ್ಲಿನ ಪ್ರಧಾನ ದೇವಾಲಯದಲ್ಲಿ ಗುರುದೀಕ್ಷೆ ಪಡೆದು, ಹವಾಯಿಯ ದೊಡ್ಡ ದ್ವೀಪದಲ್ಲಿ ಸುಮಾರು ಒಂಬತ್ತು ವರ್ಷ ಸೇವೆ ಮಾಡಿದರು.

ಗಡೀಪಾರಾದವರ ಭೂಮಿ

ಆ ಕಾಲದಲ್ಲಿ ಕುಷ್ಠರೋಗ ಹವಾಯಿಯ ಜನರನ್ನು ತೀವ್ರವಾಗಿ ಕಾಡುತ್ತಿತ್ತು. ರೋಗ ಹರಡದಂತೆ ತಡೆಯಲು 1865ರಲ್ಲಿ ಐದನೆಯ ಕಮೆಹಮೆಹ ರಾಜನ ಆಳ್ವಿಕೆಯಲ್ಲಿ ಕಾನೂನೊಂದು ಜಾರಿಯಾಯಿತು. ರೋಗ ತಗುಲಿದವರನ್ನು ಮೊಲೊಕಾಯಿ ದ್ವೀಪದ ಉತ್ತರ ದಿಕ್ಕಿನ ಒಂದು ಭೂಶಿರಕ್ಕೆ ಸಾಗಿಸಬೇಕು ಎಂಬುದು ಅದರ ಸಾರ. 1866ರ ಜನವರಿಯಲ್ಲಿ ಮೊದಲ ತಂಡ ಅಲ್ಲಿಗೆ ಹೋಯಿತು. ಮೂರು ಕಡೆ ಸಮುದ್ರ, ಒಂದು ಕಡೆ ನೂರಾರು ಮೀಟರ್ ಎತ್ತರದ ಕಡಿದಾದ ಬಂಡೆ. ಹೋದವರು ಮರಳಿ ಬರುವಂತಿರಲಿಲ್ಲ. ಗಂಡನಿಂದ ಹೆಂಡತಿ, ತಾಯಿಯಿಂದ ಮಗು ಬೇರೆಯಾಗಬೇಕಾಗಿತ್ತು. ಈ ಬಲವಂತದ ಪ್ರತ್ಯೇಕತೆ 1969ರವರೆಗೆ ನಡೆಯಿತು. ಅಷ್ಟರಲ್ಲಿ ಸುಮಾರು 8,000 ಜನ ಅಲ್ಲಿಗೆ ಕಳುಹಿಸಲ್ಪಟ್ಟಿದ್ದರು.

ಹೀಗೆ ಬೇರ್ಪಡಿಸಲು ಆಧಾರವಾಗಿದ್ದದ್ದು ಕಣ್ಣಿಗೆ ಕಾಣುವ ಗುರುತುಗಳು. ಚರ್ಮದ ಮೇಲೆ ಕಲೆ ಕಂಡರೆ ಸಾಕು, ಅಲ್ಲಿಯವರೆಗೆ ರೈತನೋ ಶಿಕ್ಷಕನೋ ತಾಯಿಯೋ ಆಗಿದ್ದ ವ್ಯಕ್ತಿ ಮರುದಿನದಿಂದ ಬರೀ 'ರೋಗಿ'. ಆಗ ಈ ಕಾಯಿಲೆಗೆ ಮದ್ದಿರಲಿಲ್ಲ ಎಂಬುದನ್ನೂ ನಾವು ನೆನಪಿಡಬೇಕು. ನಾರ್ವೆಯ ವೈದ್ಯ ಹ್ಯಾನ್ಸೆನ್ ಈ ರೋಗದ ಸೂಕ್ಷ್ಮಾಣುವನ್ನು ಗುರುತಿಸಿದ್ದು 1873ರಲ್ಲಿ. ಡೇಮಿಯನ್ ಮೊಲೊಕಾಯಿಗೆ ಹೋದದ್ದೂ ಅದೇ ವರ್ಷ.

ಮುಟ್ಟಿದ ಕೈಗಳು

ಅಲ್ಲಿನ ಕಥೊಲಿಕರಿಗೆ ಒಬ್ಬ ಗುರು ಬೇಕೆಂದು ಧರ್ಮಾಧ್ಯಕ್ಷ ಲೂಯಿ ಮೆಗ್ರೆ ಅವರು ತಮ್ಮ ಗುರುಗಳ ಮುಂದೆ ವಿಷಯವಿಟ್ಟರು. ಅಪಾಯ ತಿಳಿದಿದ್ದ ಅವರು ಯಾರಿಗೂ ಆಜ್ಞೆ ಮಾಡಲಿಲ್ಲ. ನಾಲ್ಕು ಮಂದಿ ಸ್ವಇಚ್ಛೆಯಿಂದ ಮುಂದೆ ಬಂದರು. ಸರದಿಯಂತೆ ಹೋಗುವುದೆಂದು ತೀರ್ಮಾನವಾಯಿತು. ಮೊದಲ ಸರದಿ ಡೇಮಿಯನ್ ಅವರದು. 1873ರ ಮೇ 10ರಂದು ಅವರು ಕಲಾವಾವೊ ಎಂಬ ನೆಲೆಗೆ ಬಂದರು. ಮೊದಲ ರಾತ್ರಿಗಳನ್ನು ಪುಟ್ಟ ದೇವಾಲಯದ ಪಕ್ಕದ ಕೇದಗೆ ಜಾತಿಯ ಮರದ ಕೆಳಗೆ ಕಳೆದರು. ಎರಡನೆಯ ಸರದಿ ಬರಲೇ ಇಲ್ಲ. ಅವರು ಅಲ್ಲಿಯೇ ಉಳಿದರು.

ಅಲ್ಲಿ ಅವರು ಮಾಡಿದ ಕೆಲಸಗಳ ಪಟ್ಟಿ ಉದ್ದವಿದೆ. ಗಾಯ ತೊಳೆದು ಬಟ್ಟೆ ಕಟ್ಟಿದರು. ಮನೆಗಳನ್ನು ಕಟ್ಟಿದರು. ದೇವಾಲಯವನ್ನು ತಮ್ಮ ಕೈಯಿಂದಲೇ ದೊಡ್ಡದು ಮಾಡಿದರು. ಕೊಳವೆ ಹಾಕಿ ನೀರು ತರಿಸಿದರು. ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟರು. ಹಾಡುಗಾರರ ಮೇಳವನ್ನೂ ವಾದ್ಯವೃಂದವನ್ನೂ ಕಟ್ಟಿದರು. ಸತ್ತವರಿಗೆ ಶವಪೆಟ್ಟಿಗೆ ಮಾಡಿ, ಗುಂಡಿ ತೋಡಿ, ಪ್ರಾರ್ಥನೆಯೊಂದಿಗೆ ಮಣ್ಣು ಮಾಡಿದರು. ಹುಣ್ಣುಗಳ ವಾಸನೆ ತಡೆಯಲಾರದೆ ತಂಬಾಕಿನ ಪೈಪು ಸೇದಲು ಆರಂಭಿಸಿದುದಾಗಿ ತಾವೇ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಅಂದರೆ ಅವರಿಗೂ ಅಸಹ್ಯವಾಗುತ್ತಿತ್ತು. ಅಸಹ್ಯವಾಗದ ಕಾರಣ ಅವರು ಹತ್ತಿರ ಹೋದದ್ದಲ್ಲ, ಅಸಹ್ಯವಾದರೂ ಹತ್ತಿರ ಹೋದರು. ಈ ವ್ಯತ್ಯಾಸವನ್ನು ನಾವು ಗಮನಿಸಬೇಕು.

ಆರಂಭದ ದಿನಗಳಲ್ಲಿ ಅವರಿಗೂ ಭೂಶಿರ ಬಿಟ್ಟು ಹೊರಬರಲು ನಿರ್ಬಂಧವಿತ್ತು. ಒಮ್ಮೆ ಸಭೆಯ ಹಿರಿಯರೊಬ್ಬರು ಹಡಗಿನಲ್ಲಿ ಬಂದಾಗ ಅವರಿಗೆ ಇಳಿಯಲು ಅನುಮತಿ ಸಿಗಲಿಲ್ಲ. ಡೇಮಿಯನ್ ದೋಣಿಯಲ್ಲಿ ಹಡಗಿನ ಪಕ್ಕಕ್ಕೆ ಹೋಗಿ, ಕೆಳಗಿನಿಂದಲೇ ಗಟ್ಟಿಯಾಗಿ ತಮ್ಮ ಪಾಪನಿವೇದನೆ ಮಾಡಿದರು. ಗುರುವೊಬ್ಬರಿಗೆ ಇದಕ್ಕಿಂತ ದೊಡ್ಡ ದೀನತೆ ಯಾವುದಿದೆ?

'ನಾವು' ಎಂಬ ಮಾತು

ಡೇಮಿಯನ್ ಅವರ ಬಗ್ಗೆ ಒಂದು ಕಥೆ ಬಹಳ ಪ್ರಚಲಿತವಾಗಿದೆ. ತಮಗೂ ರೋಗ ತಗುಲಿದೆ ಎಂದು ತಿಳಿದ ಮೇಲೆ ಒಂದು ಭಾನುವಾರ ಪ್ರವಚನದಲ್ಲಿ ಅವರು ಮೊದಲ ಬಾರಿಗೆ 'ಕುಷ್ಠರೋಗಿಗಳಾದ ನಾವು' ಎಂಬ ಅರ್ಥದ ಮಾತನ್ನಾಡಿದರು ಎಂಬುದೇ ಆ ಕಥೆ. ಕೇಳಲು ಹೃದಯಸ್ಪರ್ಶಿಯಾಗಿದೆ. ಆದರೆ ನಿಜ ಸಂಗತಿ ಇದಕ್ಕಿಂತಲೂ ದೊಡ್ಡದು. 1873ರಲ್ಲೇ, ಅಂದರೆ ಬಂದ ವರ್ಷವೇ, ಪೂರ್ಣ ಆರೋಗ್ಯವಂತರಾಗಿದ್ದಾಗಲೇ, ತಾವು ಬೋಧಿಸುವಾಗ 'ಕುಷ್ಠರೋಗಿಗಳಾದ ನಾವು' ಎನ್ನುವುದಾಗಿ ಅವರು ಅಣ್ಣನಿಗೆ ಬರೆದ ಪತ್ರದಲ್ಲಿ ತಿಳಿಸಿದ್ದರು. ರೋಗ ಬಂದುದರಿಂದ ಅವರು ಆ ಜನರವರಾದದ್ದಲ್ಲ. ಅವರು ಮೊದಲೇ ಆ ಜನರವರಾಗಿದ್ದರು. ರೋಗ ಹಿಂದಿನಿಂದ ಬಂತು.

1884ರ ಡಿಸೆಂಬರ್‌ನಲ್ಲಿ ಒಂದು ದಿನ ಕಾಲನ್ನು ಬಿಸಿನೀರಿನಲ್ಲಿ ಇಟ್ಟಾಗ ಚರ್ಮದಲ್ಲಿ ಬೊಬ್ಬೆ ಎದ್ದಿತು, ಆದರೆ ನೋವು ತಿಳಿಯಲಿಲ್ಲ. ರೋಗ ಬಂದಿದೆ ಎಂದು ಬಳಿಕ ವೈದ್ಯರು ದೃಢಪಡಿಸಿದರು. ಮುಂದಿನ ನಾಲ್ಕು ವರ್ಷ ಅವರು ಕೆಲಸ ನಿಲ್ಲಿಸಲಿಲ್ಲ. 1886ರಲ್ಲಿ ಜೋಸೆಫ್ ಡಟ್ಟನ್ ಎಂಬ ಅಮೆರಿಕದ ಮಾಜಿ ಸೈನಿಕ ಸಹಾಯಕ್ಕೆ ಬಂದು 1931ರಲ್ಲಿ ಸಾಯುವ ಕೆಲಕಾಲ ಮೊದಲಿನವರೆಗೂ ಸೇವೆ ಮಾಡಿದರು. 1888ರ ನವೆಂಬರ್‌ನಲ್ಲಿ ಫ್ರಾನ್ಸಿಸ್ಕನ್ ಭಗಿನಿ ಮದರ್ ಮೇರಿಯಾನ್ ಕೋಪ್ ತಮ್ಮ ಸಂಗಡಿಗರೊಂದಿಗೆ ಬಂದರು. 1889ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, ಡೇಮಿಯನ್ ಪ್ರಭುವಿನಲ್ಲಿ ನಿದ್ರಿಸಿದರು. ಮೊದಲ ರಾತ್ರಿ ಮಲಗಿದ್ದ ಅದೇ ಮರದ ಬುಡದಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ಕೊಳಕು ಬಟ್ಟೆಯ ಆರೋಪ

ಮರಣದ ನಂತರ ಲೋಕವೆಲ್ಲ ಹೊಗಳುತ್ತಿರುವಾಗ ಹೊನೊಲುಲುವಿನ ಪ್ರೊಟೆಸ್ಟಂಟ್ ಬೋಧಕ ಡಾ. ಚಾರ್ಲ್ಸ್ ಹೈಡ್ ಅವರ ಪತ್ರವೊಂದು ಆಸ್ಟ್ರೇಲಿಯಾದ ಸಿಡ್ನಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಡೇಮಿಯನ್ ಒರಟು ಮನುಷ್ಯ, ಕೊಳಕಾಗಿರುತ್ತಿದ್ದ, ಹಠಮಾರಿ, ನಡತೆಯೂ ಸರಿಯಿರಲಿಲ್ಲ ಎಂಬುದು ಅದರ ಧಾಟಿ. ಇದನ್ನು ಓದಿ ಸಿಟ್ಟಿಗೆದ್ದವರು ಪ್ರಸಿದ್ಧ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್. ಅವರು ಕಥೊಲಿಕರಲ್ಲ. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಮನೆತನದಲ್ಲಿ ಬೆಳೆದವರು. ಡೇಮಿಯನ್ ಸತ್ತ ಮುಂದಿನ ತಿಂಗಳು ಅವರು ಮೊಲೊಕಾಯಿಯ ನೆಲೆಗೆ ಹೋಗಿ ಸುಮಾರು ಒಂದು ವಾರ ಉಳಿದು, ಜನರೊಡನೆ ಮಾತನಾಡಿದ್ದರು. 1890ರಲ್ಲಿ ಅವರು ಹೈಡ್ ಅವರಿಗೆ ಬಹಿರಂಗ ಪತ್ರ ಬರೆದರು.

ಆ ಪತ್ರದ ವಿಶೇಷವೇನೆಂದರೆ, ಸ್ಟೀವನ್‌ಸನ್ ಡೇಮಿಯನ್ ಅವರನ್ನು ತಪ್ಪಿಲ್ಲದ ದೇವದೂತನಂತೆ ಚಿತ್ರಿಸಲಿಲ್ಲ. ಅವರ ಒರಟುತನ, ಹಠ, ಅಚ್ಚುಕಟ್ಟಿಲ್ಲದ ರೀತಿ ಎಲ್ಲವನ್ನೂ ಒಪ್ಪಿಕೊಂಡರು. ಆದರೆ ಉಳಿದವರು ನಗರದ ಸುಖದ ಮನೆಗಳಲ್ಲಿದ್ದಾಗ, ಯಾರೂ ಕಾಲಿಡದ ಜಾಗಕ್ಕೆ ಹೋಗಿ ದುಡಿದು ಸತ್ತವನು ಈ ರೈತನ ಮಗ ಎಂಬುದನ್ನು ಎತ್ತಿ ತೋರಿಸಿದರು. ಗಾಯ ತೊಳೆಯುವವನ, ಗುಂಡಿ ತೋಡುವವನ ನಿಲುವಂಗಿ ಕೊಳೆಯಾಗದೆ ಇದ್ದೀತೇ? ನಡತೆಯ ಮೇಲಿನ ಆಪಾದನೆಗಳನ್ನು ಸಂತ ಪದವಿಯ ಪ್ರಕ್ರಿಯೆಯಲ್ಲಿ ಧರ್ಮಸಭೆ ಪರಿಶೀಲಿಸಿತು. ಅವು ನಿಲ್ಲಲಿಲ್ಲ. 1995ರ ಜೂನ್ 4ರಂದು ಬ್ರಸೆಲ್ಸ್‌ನಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ಅವರು ಡೇಮಿಯನ್ ಅವರನ್ನು ಪುನೀತರೆಂದೂ, 2009ರ ಅಕ್ಟೋಬರ್ 11ರಂದು ರೋಮ್‌ನಲ್ಲಿ ಜಗದ್ಗುರು ಹದಿನಾರನೇ ಬೆನೆಡಿಕ್ಟ್ ಅವರು ಸಂತರೆಂದೂ ಘೋಷಿಸಿದರು.

ಇನ್ನೊಂದು ಸಂಗತಿ. ಅಮೆರಿಕದ ಪ್ರತಿ ರಾಜ್ಯವೂ ವಾಷಿಂಗ್ಟನ್‌ನ ಸಂಸತ್ ಭವನದಲ್ಲಿ ತನ್ನ ಇಬ್ಬರು ಗಣ್ಯರ ಪ್ರತಿಮೆ ಇಡುತ್ತದೆ. ಹವಾಯಿ ಆರಿಸಿದ ಇಬ್ಬರಲ್ಲಿ ಒಬ್ಬರು ಡೇಮಿಯನ್. 1969ರಲ್ಲಿ ಅನಾವರಣಗೊಂಡ ಆ ಪ್ರತಿಮೆಯನ್ನು ಮಾಡಿದ ಮಾರಿಸೋಲ್ ಎಂಬ ಕಲಾವಿದೆ, ಡೇಮಿಯನ್ ಅವರ ಯೌವನದ ಸುಂದರ ಮುಖವನ್ನು ಕೆತ್ತಲಿಲ್ಲ. ಕೊನೆಯ ದಿನಗಳ ಆ ಊದಿದ ಮುಖವನ್ನೇ ತೋರಿಸಿದರು.

ಪವಿತ್ರ ಗ್ರಂಥದ ಬೆಳಕಿನಲ್ಲಿ

ಸಮುವೇಲನ ಮೊದಲನೆಯ ಗ್ರಂಥದ 16ನೇ ಅಧ್ಯಾಯ ನಮಗೆ ಪರಿಚಿತ. ಜೆಸ್ಸೆಯ ಮನೆಯಲ್ಲಿ ಎತ್ತರದ, ಲಕ್ಷಣವಾದ ಹಿರಿಯ ಮಗನನ್ನು ಕಂಡು ಪ್ರವಾದಿ ಸಮುವೇಲನೇ ಮೋಸಹೋಗುತ್ತಾನೆ. ಮನುಷ್ಯ ನೋಡುವುದು ಹೊರತೋರಿಕೆಯನ್ನು, ತಾನು ನೋಡುವುದು ಹೃದಯವನ್ನು ಎಂದು ದೇವರು ಅವನನ್ನು ತಿದ್ದುತ್ತಾರೆ. ಪ್ರವಾದಿಗೂ ತಿದ್ದುಪಡಿ ಬೇಕಾಯಿತು ಎಂದರೆ ನಮ್ಮ ಗತಿಯೇನು? ಸಂತ ಯಕೋಬರು ತಮ್ಮ ಪತ್ರದ 2ನೇ ಅಧ್ಯಾಯದಲ್ಲಿ ಪ್ರಾರ್ಥನಾ ಸಭೆಗೆ ಬರುವ ಇಬ್ಬರನ್ನು ನಮ್ಮ ಮುಂದೆ ನಿಲ್ಲಿಸುತ್ತಾರೆ. ಒಬ್ಬನ ಬೆರಳಲ್ಲಿ ಚಿನ್ನದ ಉಂಗುರ, ಇನ್ನೊಬ್ಬನ ಮೈಮೇಲೆ ಕೊಳಕು ಬಟ್ಟೆ. ಒಬ್ಬನಿಗೆ ಒಳ್ಳೆಯ ಆಸನ, ಇನ್ನೊಬ್ಬನಿಗೆ ನೆಲ. ಇದು ಕೇವಲ ಅಸಭ್ಯತೆಯಲ್ಲ, ವಿಶ್ವಾಸಕ್ಕೇ ವಿರುದ್ಧ ಎಂಬುದು ಅವರ ಬೋಧನೆ.

ಸಂತ ಮಾರ್ಕರ ಶುಭಸಂದೇಶದ 1ನೇ ಅಧ್ಯಾಯದ ಕೊನೆಯಲ್ಲಿ ಕುಷ್ಠರೋಗಿಯೊಬ್ಬ ಯೇಸುವಿನ ಬಳಿಗೆ ಬರುತ್ತಾನೆ. (ಬೈಬಲ್ ಈ ಹೆಸರಿನಿಂದ ಕರೆಯುವ ಚರ್ಮವ್ಯಾಧಿಗಳೆಲ್ಲವೂ ಇಂದು ನಾವು ಹೇಳುವ ಕುಷ್ಠವೇ ಆಗಿರಬೇಕೆಂದಿಲ್ಲ.) ಇಲ್ಲಿ ಕ್ರಮವನ್ನು ಗಮನಿಸಿ. ಯೇಸು ಮೊದಲು ಕೈ ಚಾಚಿ ಮುಟ್ಟುತ್ತಾರೆ, ಆಮೇಲೆ ಆತ ಗುಣವಾಗುತ್ತಾನೆ. ಗುಣವಾದ ಮೇಲೆ ಮುಟ್ಟಿದ್ದಲ್ಲ. ಪ್ರಸಂಗದ ಕೊನೆಯಲ್ಲಿ ಆ ಮನುಷ್ಯ ಊರೊಳಗೆ ಮಾತನಾಡುತ್ತಾ ತಿರುಗುತ್ತಾನೆ. ಯೇಸುವೋ ಬಹಿರಂಗವಾಗಿ ಊರೊಳಗೆ ಹೋಗಲಾಗದೆ ನಿರ್ಜನ ಸ್ಥಳಗಳಲ್ಲಿ ಉಳಿಯುತ್ತಾರೆ. ಇಬ್ಬರ ಜಾಗ ಅದಲುಬದಲಾಯಿತು. ಡೇಮಿಯನ್ ಅವರ ಜೀವನವೆಲ್ಲ ಈ ಪ್ರಸಂಗದ ವ್ಯಾಖ್ಯಾನವಿದ್ದಂತೆ.

ಹಾಗಾದರೆ ಹೊರರೂಪಕ್ಕೆ ಬೆಲೆಯೇ ಇಲ್ಲವೇ? ಇದೆ. ಇಲ್ಲಿ ನಾವು ಎಚ್ಚರ ವಹಿಸಬೇಕು. 'ಅಂತರಂಗ ಮುಖ್ಯ' ಎಂಬ ಮಾತನ್ನೇ ನೆಪವಾಗಿಸಿ ಬಡವನ ಹರಕು ಬಟ್ಟೆಯನ್ನು, ರೋಗಿಯ ಹುಣ್ಣನ್ನು ನೋಡದೆ ಹೋಗುವವರಿದ್ದಾರೆ. ಡೇಮಿಯನ್ ಹಾಗೆ ಮಾಡಲಿಲ್ಲ. ಮದರ್ ಮೇರಿಯಾನ್ ಕೂಡ ಮಾಡಲಿಲ್ಲ. ಆಕೆ ಅಲ್ಲಿನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದರು, ಅವರು ಚಂದದ ಉಡುಪು ಧರಿಸುವಂತೆ ನೋಡಿಕೊಂಡರು, ಬರಡು ನೆಲದಲ್ಲಿ ಹೂಗಿಡ ಹಣ್ಣಿನ ಮರ ಬೆಳೆಸಿದರು. ಮುಖ ವಿಕಾರವಾದ ಹುಡುಗಿಗೂ ಒಳ್ಳೆಯ ಬಟ್ಟೆಯ ಆಸೆ ಇರುತ್ತದೆ ಎಂಬುದು ಆಕೆಗೆ ಗೊತ್ತಿತ್ತು. 1918ರಲ್ಲಿ ನಿಧನರಾದ ಆಕೆಯನ್ನು 2012ರ ಅಕ್ಟೋಬರ್ 21ರಂದು ಸಂತರೆಂದು ಘೋಷಿಸಲಾಯಿತು. ಒಬ್ಬನ ಆಂತರಿಕ ಬೆಲೆಯನ್ನು ನಾವು ನಂಬುತ್ತೇವೆ ಎಂಬುದಕ್ಕೆ ಸಾಕ್ಷಿ, ಅವನ ಹೊರಗಿನ ದೇಹವನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದೇ.

ನಮ್ಮ ಕರಾವಳಿಯಲ್ಲಿ

ಡೇಮಿಯನ್ ಮೊಲೊಕಾಯಿಯಲ್ಲಿದ್ದ ಕಾಲದಲ್ಲೇ ನಮ್ಮ ಮಂಗಳೂರಿಗೆ ಜರ್ಮನಿ ಮೂಲದ ಯೇಸುಸಭೆಯ ಗುರು ಫಾದರ್ ಅಗಸ್ಟಸ್ ಮುಲ್ಲರ್ ಬಂದಿದ್ದರು. ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ಆರಂಭಿಸಿದ ಅವರು 1890ರಲ್ಲಿ ಕುಷ್ಠರೋಗ ಪೀಡಿತರಿಗಾಗಿ ಸಂತ ಜೋಸೆಫರ ಹೆಸರಿನಲ್ಲಿ ಆಸ್ಪತ್ರೆ ತೆರೆದರು. ಇಂದು ಫಾದರ್ ಮುಲ್ಲರ್ ಆಸ್ಪತ್ರೆಯ ದೊಡ್ಡ ಕಟ್ಟಡಗಳ ಮುಂದೆ ಹಾದುಹೋಗುವ ನಮ್ಮಲ್ಲಿ ಅನೇಕರಿಗೆ, ಈ ಸಂಸ್ಥೆಯ ಮೊದಲ ಹೆಜ್ಜೆಗಳಲ್ಲಿ ಒಂದು ಊರು ದೂರವಿಟ್ಟ ರೋಗಿಗಳ ಕಡೆಗೆ ಇತ್ತು ಎಂಬುದು ನೆನಪಿರಲಿಕ್ಕಿಲ್ಲ.

ಇಂದು ಈ ರೋಗಕ್ಕೆ ಮದ್ದಿದೆ. 1980ರ ದಶಕದಿಂದ ಬಳಕೆಯಲ್ಲಿರುವ ಬಹುಔಷಧ ಚಿಕಿತ್ಸೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. 6ರಿಂದ 12 ತಿಂಗಳಲ್ಲಿ ರೋಗ ಗುಣವಾಗುತ್ತದೆ. ಚಿಕಿತ್ಸೆ ಆರಂಭಿಸಿದ ಮೇಲೆ ಇತರರಿಗೆ ಹರಡುವ ಭಯ ಬಹುಮಟ್ಟಿಗೆ ಇಲ್ಲವಾಗುತ್ತದೆ. ಹೆಚ್ಚಿನ ಜನರಿಗೆ ಸಹಜ ಪ್ರತಿರೋಧ ಶಕ್ತಿಯೂ ಇದೆ. ಬಿಳಿ ತೊನ್ನು ಬೇರೆ, ಇದು ಬೇರೆ. ಬಿಳಿ ತೊನ್ನು ಅಂಟುರೋಗವೇ ಅಲ್ಲ. ಸ್ಪರ್ಶ ತಿಳಿಯದ, ಮಾಸಲು ಕಲೆ ಚರ್ಮದ ಮೇಲೆ ಕಂಡರೆ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ನಾಚಿಕೆಯಿಂದ ತಡಮಾಡಿದರೆ ನರಗಳಿಗೆ ಆಗುವ ಹಾನಿ ಮರಳಿ ಸರಿಹೋಗದು.

ಕಾನೂನೂ ಬದಲಾಗಿದೆ. ಬ್ರಿಟಿಷರ ಕಾಲದ 1898ರ ಕುಷ್ಠರೋಗಿಗಳ ಕಾಯಿದೆ 2016ರಲ್ಲಿ ರದ್ದಾಯಿತು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯಲ್ಲೂ ಈ ರೋಗ ವಿಚ್ಛೇದನಕ್ಕೆ ಕಾರಣವಾಗಿ ಉಳಿದಿತ್ತು. 2019ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಬದಲಾಗಬೇಕಾಗಿರುವುದು ನಮ್ಮ ಮನಸ್ಸು.

ನಮ್ಮ ತಪ್ಪೊಂದನ್ನು ಇಲ್ಲಿ ಹೇಳಿಕೊಳ್ಳುತ್ತೇವೆ. ಗುರುದೀಕ್ಷೆಯಾದ ಹೊಸತರಲ್ಲಿ, ಈ ರೋಗದಿಂದ ಗುಣವಾದವರು ವಾಸಿಸುವ ಆಶ್ರಮವೊಂದಕ್ಕೆ ಬಲಿಪೂಜೆ ಅರ್ಪಿಸಲು ಹೋಗಿದ್ದೆವು. ಪರಮಪ್ರಸಾದದ ಹೊತ್ತಿಗೆ ಹಿರಿಯರೊಬ್ಬರು ಎರಡೂ ಕೈ ಚಾಚಿದರು. ಬೆರಳುಗಳಿರಲಿಲ್ಲ. ನಮ್ಮ ಕೈ ಒಂದು ಕ್ಷಣ ತಡೆಯಿತು. ಅವರಿಗೆ ಅದು ಕಾಣಿಸಿತು. ಏನೂ ಹೇಳದೆ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡು ಬಾಯಿ ತೆರೆದರು. ದೈವಶಾಸ್ತ್ರವನ್ನು ಓದಿ ಪರೀಕ್ಷೆ ಪಾಸಾಗಿದ್ದೆವು. ಆ ರೋಗ ಅವರನ್ನು ಬಿಟ್ಟು ವರ್ಷಗಳಾಗಿವೆ ಎಂಬುದೂ ತಿಳಿದಿತ್ತು. ಆದರೂ ಕೈ ತಡೆಯಿತು. ಪೂಜೆಯ ನಂತರ ಅವರ ಬಳಿ ಹೋಗಿ ಕ್ಷಮೆ ಕೇಳಿದೆವು. 'ಫಾದರ್, ಅಭ್ಯಾಸ ಆಗ್ತದೆ' ಎಂದಷ್ಟೇ ಹೇಳಿ ನಕ್ಕರು. ಅಭ್ಯಾಸ ಆಗುವುದು ನಮಗೋ ಅವರಿಗೋ ಎಂದು ಇಂದಿಗೂ ಯೋಚಿಸುತ್ತೇವೆ.

ಧರ್ಮಕೇಂದ್ರಗಳಲ್ಲಿ ನಾವು ಮಾಡಬಹುದಾದದ್ದು

ಕುಷ್ಠರೋಗ ಪೀಡಿತರು ನಮ್ಮ ದೇವಾಲಯಕ್ಕೆ ದಿನವೂ ಬರಲಿಕ್ಕಿಲ್ಲ. ಆದರೆ ಬೇರೆ ಗುರುತುಗಳು ಬರುತ್ತವೆ. ಸುಟ್ಟ ಗಾಯದ ಕಲೆಯಿರುವ ಹೆಂಗಸು, ತೊನ್ನಿರುವ ಕಾರಣ ಮದುವೆಯ ಮಾತು ಮುರಿದ ಹುಡುಗಿ, ಮೈಬಣ್ಣ ಕಪ್ಪೆಂದು ಹಬ್ಬದ ನಾಟಕದಲ್ಲಿ ದೇವದೂತರ ಪಾತ್ರ ಸಿಗದ ಮಗು, ಮದ್ಯದ ಚಟದಿಂದ ಹೊರಬಂದರೂ ಹಳೆಯ ಹೆಸರು ಬಿಡದ ಗಂಡಸು, ಹಳೆಯ ಸೀರೆಯೆಂದು ಹಿಂದಿನ ಬೆಂಚಿನಲ್ಲೇ ಕೂರುವ ಅಜ್ಜಿ. ಇವರನ್ನು ಮೊದಲು ಎದುರುಗೊಳ್ಳುವವರು ಗುರುಗಳಲ್ಲ, ಸೇವಾಕರ್ತರಾದ ನೀವು.

ವಾಳೆಯ ಗುರಿಕಾರರು ಮನೆ ಭೇಟಿಯಲ್ಲಿ ಒಳಕೋಣೆಯಲ್ಲಿ ಉಳಿದವರನ್ನು ಹೆಸರು ಹಿಡಿದು ಕೇಳಲಿ. ಧರ್ಮೋಪದೇಶದ ಶಿಕ್ಷಕರು ಪಾತ್ರ ಹಂಚುವಾಗ ಮುಖ ನೋಡದಿರಲಿ. ಹಾಡುಗಾರರು, ವಾಚಕರು ಆಯ್ಕೆಯಾಗುವಾಗ ಸ್ವರ ಮತ್ತು ಭಕ್ತಿ ಸಾಕಾಗಲಿ. ಹಬ್ಬದೂಟದಲ್ಲಿ ದಾನಿಗಳ ಮೇಜು ಬೇರೆ, ಉಳಿದವರ ಸಾಲು ಬೇರೆ ಎಂಬುದು ಇಲ್ಲವಾಗಲಿ. ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವವರು ಎರಡು ನಿಮಿಷ ಹೆಚ್ಚು ಕುಳಿತು ಕೈ ಹಿಡಿದು ಮಾತನಾಡಲಿ. ಜನವರಿಯ ಕೊನೆಯ ಭಾನುವಾರ ವಿಶ್ವ ಕುಷ್ಠರೋಗ ದಿನ. ಅಂದಿನ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಬಿನ್ನಹ ಸೇರಿಸುವುದು ಕಷ್ಟದ ಕೆಲಸವಲ್ಲ. ಹಾಗೆ ಪ್ರಾರ್ಥಿಸುವಾಗ 'ಅವರು' ಎನ್ನದೆ 'ನಾವು' ಎಂದರೆ ಇನ್ನೂ ಒಳ್ಳೆಯದು.

ಡೇಮಿಯನ್ ಅವರ ಪಾರ್ಥಿವ ಶರೀರವನ್ನು 1936ರಲ್ಲಿ ಬೆಲ್ಜಿಯಂಗೆ ಸಾಗಿಸಲಾಯಿತು. ಮೊಲೊಕಾಯಿಯ ಜನರಿಗೆ ಅದು ನೋವಿನ ವಿಷಯವಾಗಿತ್ತು. 1995ರಲ್ಲಿ ಅವರ ಬಲಗೈಯ ಅವಶೇಷವನ್ನು ಕಲಾವಾವೊಗೆ ಮರಳಿ ತಂದು ಹಳೆಯ ಸಮಾಧಿಯಲ್ಲೇ ಇರಿಸಲಾಯಿತು. ಆ ಜನರನ್ನು ಮುಟ್ಟಿದ್ದ ಕೈ ಮತ್ತೆ ಅವರ ನಡುವೆಯೇ ಮಲಗಿದೆ.

ಪ್ರಭುವೇ, ನೀವು ನೋಡುವಂತೆ ನೋಡಲು ನಮಗೆ ಕಲಿಸಿರಿ. ಕೈ ತಡೆಯುವಾಗ ಅದನ್ನು ಮುಂದೆ ಚಾಚುವ ಧೈರ್ಯ ಕೊಡಿರಿ. ಸಂತ ಡೇಮಿಯನ್, ನಮಗಾಗಿ ಪ್ರಾರ್ಥಿಸಿರಿ.